ನಿನ್ನ ನೋವಿಗೆ ಹೆಸರಿದೆ, ಅಣ್ಣ

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ಮೊನ್ನೆ ಫೋನಿನಲ್ಲಿ ಮಾತಾಡುತ್ತಾ ನೀನು ಅಂಗಳ ದಾಟಿ ಕೊಟ್ಟಿಗೆ ಹತ್ತಿರ ಹೋದೆ. ತಗಡಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಅತ್ತಿಗೆಗೂ ಹೇಳದ್ದನ್ನು ನನಗೆ ಹೇಳಿದೆ. ಹೋದ ಸಲ ಅಡಿಕೆ ಸುಲಿಯುವಾಗ ನೀನು ಟವೆಲ್ ಸುತ್ತಿ ಅದರ ಮೇಲೆ ಕೂತಿದ್ದೆ. ಸೊಂಟ ನೋವು ಅಂದುಕೊಂಡು ನಾನು ಸುಮ್ಮನಾದೆ. ಕೇಳಬೇಕಿತ್ತು.

ಇದಕ್ಕೆ ಕ್ರಾನಿಕ್ ಪ್ರಾಸ್ಟಟೈಟಿಸ್ ಅನ್ನುತ್ತಾರೆ, ಅಂದರೆ ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಹೆಸರಿನಲ್ಲಿ ಕರೆಯುವ, ಬಹಳ ದಿನ ಕಾಡುವ ತೊಂದರೆ. ಹೊಟ್ಟೆಯ ಕೆಳಗೆ, ತೊಡೆಸಂದಿಯಲ್ಲಿ ತಿಂಗಳುಗಟ್ಟಲೆ ನೋವು, ಮೂತ್ರ ಮಾಡುವಾಗ ಉರಿ. ಹತ್ತರಲ್ಲಿ ಒಂಬತ್ತು ಮಂದಿಗೆ ಯಾವ ಬ್ಯಾಕ್ಟೀರಿಯಾವೂ ಸಿಗುವುದಿಲ್ಲ. ನಿನಗೆ ಮೂರು ಸಲ ಆ್ಯಂಟಿಬಯೋಟಿಕ್ ಕೊಟ್ಟರೂ ಕಡಿಮೆಯಾಗಲಿಲ್ಲ, ಅಲ್ವಾ? ರಿಪೋರ್ಟಿನಲ್ಲಿ ಏನೂ ಇಲ್ಲ ಅಂದರೆ ನೋವೇ ಸುಳ್ಳು ಅಂತ ಅಲ್ಲ. ಯಾವ ತಪ್ಪಿಗೆ ಈ ಶಿಕ್ಷೆ ಅಂದೆಯಲ್ಲ, ಆ ಮಾತು ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ತಪ್ಪು ಏನೂ ಇಲ್ಲ.

ನಮ್ಮ ಲ್ಯಾಬಿನಲ್ಲಿ ರಕ್ತದಿಂದ ಡಿಎನ್‌ಎ ತೆಗೆಯುವುದು ನನ್ನ ಕೆಲಸ. ತಣ್ಣನೆಯ ಆಲ್ಕೋಹಾಲ್ ಹಾಕಿದಾಗ ಟ್ಯೂಬಿನಲ್ಲಿ ಬಿಳಿ ನೂಲಿನಂತೆ ಅದು ಎದ್ದು ಬರುತ್ತದೆ. ಈ ವಾರ ಅದನ್ನು ನೋಡಿದಾಗೆಲ್ಲ ನೀನೇ ನೆನಪಾದೆ. ಊಟದ ಹೊತ್ತಿನಲ್ಲಿ ಕೂತು ಹಳೆಯ ಅಧ್ಯಯನಗಳನ್ನು ಓದಿದೆ. ನಮ್ಮ ಮೈಯಲ್ಲಿ ಇಂಟರ್‌ಲ್ಯೂಕಿನ್ 10 ಅಂತ ಒಂದು ಪ್ರೋಟೀನ್ ಇದೆ, ಉರಿಯೂತವನ್ನು ತಣಿಸುವುದು ಅದರ ಕೆಲಸ. ಅದನ್ನು ಕಡಿಮೆ ತಯಾರಿಸುವ ಜೀನಿನ ರೂಪ ಈ ನೋವಿರುವ ಗಂಡಸರಲ್ಲಿ ಜಾಸ್ತಿ ಕಂಡಿತು ಅಂತ 2002ರಲ್ಲಿ ಒಂದು ತಂಡ ಬರೆದಿತ್ತು. ಬಚ್ಚಲೊಲೆಯಿಂದ ಸೌದೆ ಎಳೆದ ಮೇಲೂ ಕೆಂಡ ನಿಗಿನಿಗಿ ಇರುತ್ತದಲ್ಲ, ಹಾಗೆ ಅಂಥವರಲ್ಲಿ ಉರಿಯೂತ ಬೇಗ ಆರುವುದಿಲ್ಲವೇನೋ. ಆದರೆ ಆ ಅಧ್ಯಯನ ಸ್ವಲ್ಪವೇ ಜನರ ಮೇಲೆ ಮಾಡಿದ್ದು. ಅದರಿಂದ ಔಷಧಿ ಬಂದಿಲ್ಲ. ಯಾರಾದರೂ ಜೀನ್ ಟೆಸ್ಟ್ ಮಾಡಿಸು ಅಂದರೆ ದುಡ್ಡು ಹಾಕಬೇಡ.

ಶಿವಮೊಗ್ಗಕ್ಕೆ ಹೋಗಿ ಯೂರಾಲಜಿ, ಅಂದರೆ ಮೂತ್ರಕ್ಕೆ ಸಂಬಂಧಿಸಿದ ಕಾಯಿಲೆ ನೋಡುವ ಡಾಕ್ಟರಿಗೆ ತೋರಿಸು. ಎಷ್ಟೋ ಜನರಿಗೆ ಕೆಳಹೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ಅವನ್ನು ಸಡಿಲ ಮಾಡುವ ಫಿಸಿಯೋಥೆರಪಿ ಇದೆ. ಅದನ್ನು ಕೇಳು. ಜ್ವರ ಬಂದರೆ, ಮೂತ್ರ ಕಟ್ಟಿದರೆ ಮಾತ್ರ ಮಳೆ ನಿಲ್ಲಲಿ ಅಂತ ಕಾಯಬೇಡ, ಆಗಲೇ ಹೊರಡು. ಅತ್ತಿಗೆಯನ್ನೂ ಕರೆದುಕೊಂಡು ಹೋಗು.

ಇನ್ನೊಂದು ವಿಷಯ. ಸೀಟು ಖಾಲಿ ಇದ್ದರೂ ಅಪ್ಪ ಬಸ್ಸಿನಲ್ಲಿ ಶಿವಮೊಗ್ಗದವರೆಗೆ ನಿಂತೇ ಹೋಗುತ್ತಿದ್ದರು. ನಿನಗೂ ನೆನಪಿರಬೇಕು. ಯಾಕೆ ಅಂತ ಅಮ್ಮನ ಹತ್ತಿರ ಮೆತ್ತಗೆ ಕೇಳಿ ನನಗೆ ತಿಳಿಸು.

ನಿನ್ನ ತಮ್ಮ