ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಸನ್ನಿವೇಲ್, ಕ್ಯಾಲಿಫೋರ್ನಿಯಾ
ಫೆಬ್ರವರಿ 2023

ತೀರ್ಥರೂಪ ತಂದೆಯವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನಿಮ್ಮ, ಅಮ್ಮನ ಆರೋಗ್ಯದ ಬಗ್ಗೆ ಬರೆಯುತ್ತಿರಿ.

ಏಪ್ರಿಲ್‌ನಲ್ಲಿ ಬರುವಾಗ ನೇರ ವಿಮಾನ ಒಳ್ಳೆಯದೋ, ನಡುವೆ ಇಳಿದು ಬರುವುದು ಒಳ್ಳೆಯದೋ ಎಂದು ಕೇಳಿದ್ದೀರಿ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಅತಿ ಹತ್ತಿರದ ದಾರಿಯೆಂದರೂ ಸುಮಾರು 14,000 ಕಿಲೋಮೀಟರ್. ಗೋಡೆಯ ನಕಾಶೆ ನೋಡಿದರೆ ಪೂರ್ವಕ್ಕೆ ಹೊರಟು ಪೆಸಿಫಿಕ್ ದಾಟಬೇಕು ಅನ್ನಿಸುತ್ತದೆ. ಆದರೆ ಶಾಲೆಯ ಗ್ಲೋಬಿನ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಚೀನಾ, ಸೈಬೀರಿಯಾಗಳ ಮೇಲೆ ಏರಿ, ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಇಲ್ಲಿಂದ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಹೋಗಿ ಬೆಂಗಳೂರಿನಲ್ಲಿ ಇಳಿಸಿದ್ದರು. ಆ ಸುದ್ದಿ ಓದಿದ ದಿನ ನನಗಾದ ಹೆಮ್ಮೆ ಇಂದಿಗೂ ಕಡಿಮೆಯಾಗಿಲ್ಲ.

ದೂರ ಒಂದೇ ಆದರೂ ಹೋಗಿ ಬರುವ ಹೊತ್ತು ಒಂದೇ ಅಲ್ಲ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿ ಬೀಸುತ್ತಿರುತ್ತದೆ. ಈ ಕಡೆ ಬರುವಾಗ ಪೈಲಟ್‌ಗಳು ದಾರಿ ತುಸು ಬಳಸಾದರೂ ಆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಪೆಸಿಫಿಕ್ ಮೇಲೆ ಬರುವುದುಂಟು. ಹೀಗೆ ಬಂದರೆ ಸುಮಾರು 16 ಗಂಟೆ ಸಾಕು. ಹಿಂದಿರುಗುವಾಗ ಹದಿನೇಳೂವರೆಯೂ ಆಗಬಹುದು.

ಏಪ್ರಿಲ್‌ನಲ್ಲಿ ನಮ್ಮ ಗಡಿಯಾರ ನಿಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟರೆ ಇಲ್ಲಿ ಅದೇ ದಿನ ಸಂಜೆ ಐದೂವರೆಗೆ ಇಳಿಯುತ್ತೀರಿ. ಆದರೆ ಇಲ್ಲಿಂದ ಶುಕ್ರವಾರ ರಾತ್ರಿ ಎಂಟಕ್ಕೆ ಹೊರಟವರು ಬೆಂಗಳೂರು ಮುಟ್ಟುವಾಗ ಭಾನುವಾರ ಬೆಳಗಿನ ಜಾವವಾಗಿರುತ್ತದೆ. ಅಮ್ಮನ ಶನಿವಾರದ ಒಪ್ಪೊತ್ತು ಪೂರ್ತಿ ಆಕಾಶದಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಶುಕ್ರವಾರದ ಟಿಕೆಟ್ ಬೇಡ.

ನನ್ನ ಅಭಿಪ್ರಾಯ ಇಷ್ಟು. ಬರುವಾಗ ನೇರವಾಗಿಯೇ ಬನ್ನಿ. ಭಾಷೆ ಗೊತ್ತಿಲ್ಲದ ಊರಿನಲ್ಲಿ ಗೇಟು ಹುಡುಕುವ ಕಷ್ಟ ಇರುವುದಿಲ್ಲ. ಹಿಂದಿರುಗುವಾಗ ಮಾತ್ರ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹೋಗುವುದು ಮೇಲು. ಅಲ್ಲಿಯವರೆಗೆ ಸುಮಾರು 11 ಗಂಟೆ, ಅಲ್ಲಿಂದ ಬೆಂಗಳೂರಿಗೆ ಸುಮಾರು ಒಂಬತ್ತು. ಒಟ್ಟು ಹೊತ್ತು ಹೆಚ್ಚಾದರೂ ಅಮ್ಮನ ಕಾಲುಗಳಿಗೆ ನಡುವೆ ಓಡಾಡಲು ಅವಕಾಶ ಸಿಗುತ್ತದೆ, ಮತ್ತು ಆ ಹೊತ್ತಿಗೆ ನಾನೂ ರಜೆ ಹಾಕಿ ಜೊತೆಗೆ ಬರುತ್ತೇನೆ. ವಿಮಾನದಲ್ಲಿ ಎರಡು ಗಂಟೆಗೊಮ್ಮೆಯಾದರೂ ಎದ್ದು ನಡೆಯಬೇಕು, ನೀರು ಕುಡಿಯುತ್ತಿರಬೇಕು. ನಡುಸೀಟು ಬೇಡ, ಓಡಾಡುವ ದಾರಿಯ ಪಕ್ಕದ ಸೀಟನ್ನೇ ಕೇಳಿ ತೆಗೆದುಕೊಳ್ಳಿ.

ಅಮ್ಮನ ಬಿ.ಪಿ. ಮಾತ್ರೆಯನ್ನು ಯಾವ ಊರಿನ ಗಡಿಯಾರದಂತೆ ಕೊಡಬೇಕೆಂದು ಡಾಕ್ಟರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ. ಅವರು ಹೇಳಿದ್ದನ್ನು ತಿಳಿಸಿದ ಕೂಡಲೇ ಟಿಕೆಟ್ ತೆಗೆಸುತ್ತೇನೆ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ಮಗಳು