ಜೆ.ಸಿ. ರಸ್ತೆಯ ಆ ಅಣ್ಣನಿಗೆ

ಕಾರಿಗೆ ಹೊಸ ಸ್ಟೀರಿಯೊ ಹಾಕಿಸಿದಂದಿನಿಂದ ಬೆಳಗಾದರೆ ಬ್ಯಾಟರಿ ಖಾಲಿ. ಕೂರಿಸಿದ ಅಂಗಡಿಯವರು ‘ಬ್ಯಾಟರಿ ಬದಲಿಸಿ’ ಎಂದು ಕೈತೊಳೆದುಕೊಂಡರು. ಮರುದಿನ ನಸುಕಿನಲ್ಲೇ ಅಮ್ಮನನ್ನು ಊರಿಗೆ ಬಿಡಬೇಕಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಗಳು ಮುಚ್ಚುವ ಹೊತ್ತಿಗೆ ನೀವು ಸಿಕ್ಕಿರಿ.

ಡ್ಯಾಶ್‌ಬೋರ್ಡಿನ ಚೌಕಟ್ಟನ್ನು ಸ್ಕ್ರೂಡ್ರೈವರಿನಿಂದ ಮೀಟದೆ, ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದೇ ಕ್ಲಿಪ್ಪನ್ನು ಬಿಡಿಸಿದಿರಿ. ಬಿಚ್ಚಿದ ಸ್ಕ್ರೂಗಳನ್ನು ಅಯಸ್ಕಾಂತಕ್ಕೆ ಅಂಟಿಸಿ, ಒಳಗೆ ಕುಳಿತಿದ್ದ ಅಮ್ಮನ ಕೈಗೆ ಕೊಟ್ಟು ‘ಜೋಪಾನ ಅಮ್ಮ’ ಎಂದಿರಿ. ಅವರಿಗೂ ಒಂದು ಕೆಲಸ ಸಿಕ್ಕಿತು.

ಸ್ಟೀರಿಯೊದ ಹಳದಿ ತಂತಿಗೆ ಸದಾ 12 ವೋಲ್ಟ್ ಬೇಕು, ಅದರ ಸೆಟ್ಟಿಂಗ್‌ಗಳ ನೆನಪು ಉಳಿಯಲು. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ. ನಮ್ಮದರಲ್ಲಿ ಎರಡನ್ನೂ ಒಟ್ಟಿಗೆ ಹೊಸೆದು ಟೇಪು ಸುತ್ತಿದ್ದರು. ಕೀಲಿ ತೆಗೆದರೂ ಸ್ಟೀರಿಯೊ ಒಳಗೊಳಗೇ ಎಚ್ಚರವಾಗಿರುತ್ತಿತ್ತು! ಮೀಟರ್ ಹಿಡಿದು ನನಗೂ ತೋರಿಸಿ, ಕೆಂಪನ್ನು ಬೇರ್ಪಡಿಸಿ, ಫ್ಯೂಸಿನೊಂದಿಗೆ ಸರಿಯಾದ ಕಡೆ ಜೋಡಿಸಿದಿರಿ. ತಂತಿಗಳು ಕಟಕಟ ಎನ್ನದಂತೆ ಸ್ಪಂಜನ್ನೂ ಸುತ್ತಿದಿರಿ. ಅದನ್ನು ಮಾಡಿಕೊಡಿ ಎಂದು ನಾನು ಕೇಳಿಯೇ ಇರಲಿಲ್ಲ.

ಕೊಟ್ಟ ಹಣದಲ್ಲಿ ಅರ್ಧ ಹಿಂತಿರುಗಿಸಿದಿರಿ. ಬೆಳಿಗ್ಗೆ ಕಾರು ಒಂದೇ ಸಲಕ್ಕೆ ಹೊರಟಾಗ ನಾನು ಹಾಡು ಹಾಕುವುದನ್ನೇ ಮರೆತೆ. ಹೆಸರು ಕೇಳುವ ಮೊದಲೇ ಶಟರ್ ಎಳೆದಿದ್ದಿರಿ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ: ಧನ್ಯವಾದಗಳು, ಅಣ್ಣ.