ಕನ್ನಡಕದ ಅಂಗಡಿಯ ಆ ಅಕ್ಕನಿಗೆ

ಅಕ್ಕಾ, ಅವತ್ತು ನಿಮ್ಮ ಹೆಸರು ಕೇಳದೇ ಬಂದುಬಿಟ್ಟೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮನಿಗೆ ಪೊರೆ ಆಪರೇಷನ್ ಆಗಿ ಆಗ 12 ದಿನ. ಬೆಳಕೇನೋ ಚೆನ್ನಾಗಿ ಬಂದಿತ್ತು, ಆದರೆ ಬಸ್ಸಿನ ಬೋರ್ಡಿನ ಅಕ್ಷರಕ್ಕೆಲ್ಲ ನೆರಳು, ದೇವರ ಮುಂದಿನ ದೀಪ ಪಕ್ಕಕ್ಕೆ ಎಳೆದ ಹಾಗೆ ಕಾಣುತ್ತೆ ಅಂತ ದಿನಾ ಅಳುತ್ತಿದ್ದಳು. ಆಪರೇಷನ್ನೇ ಕೆಟ್ಟಿದೆ ಅಂತ ನಾವೂ ಹೆದರಿದ್ದೆವು. ಯಾಕೆ ಹೀಗೆ ಅಂತ ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ.

ನೀವು ಸುಮ್ನೆ ಕನ್ನಡಕ ಮಾಡಿ ಕೊಟ್ಟು ದುಡ್ಡು ತಗೋಬಹುದಿತ್ತು ಅಲ್ವಾ? ಅದರ ಬದಲು ಅಮ್ಮನನ್ನು ಸ್ಟೂಲ್ ಮೇಲೆ ಕೂರಿಸಿ, ಕುಡಿದಿಟ್ಟ ಟೀ ಪೇಪರ್ ಕಪ್ಪಿನ ದುಂಡು ಬಾಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ತೋರಿಸಿದಿರಿ. "ನೋಡಿ ಅಮ್ಮಾ, ಮೇಲ್ಗಡೆ 6 ಮಿಲಿಮೀಟರ್ ಕೊಯ್ದಿದ್ದಾರೆ, ಆ ಕಡೆ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಸ್ವಲ್ಪ ಚಪ್ಪಟೆ ಆಗಿದೆ, ಅಡ್ಡಕ್ಕೆ ಉಬ್ಬು ಜಾಸ್ತಿ. ಅದಕ್ಕೇ ಅಕ್ಷರಕ್ಕೆ ನೆರಳು. ಗಾಯ ಕೂಡುತ್ತಾ ನಂಬರ್ ಬದಲಾಗುತ್ತೆ. 6 ವಾರ ಆಗಲಿ. ಡ್ರಾಪ್ಸ್ ನಿಲ್ಲಿಸಬೇಡಿ. ಕಣ್ಣು ಕೆಂಪಾದರೆ, ನೋವು ಬಂದರೆ ಮಾತ್ರ ಅವತ್ತೇ ಡಾಕ್ಟರ್ ಹತ್ರ ಓಡಿ."

ಆ ರಾತ್ರಿ ಅಮ್ಮ ನಿದ್ದೆ ಮಾಡಿದಳು.

ಆಮೇಲೆ ನೋಡಿಸಿದಾಗ ಸಿಲಿಂಡರ್, ಅಂದ್ರೆ ಆ ಉಬ್ಬಿನ ವ್ಯತ್ಯಾಸ ಸರಿಮಾಡುವ ನಂಬರ್, ಮೈನಸ್ 2.25ರಿಂದ 1.25ಕ್ಕೆ ಇಳಿದಿತ್ತು; ಆಕ್ಸಿಸ್, ಅಂದ್ರೆ ಆ ನಂಬರನ್ನು ಕೂರಿಸಬೇಕಾದ ಕೋನ, 90. ಅವಸರದಲ್ಲಿ ಮಾಡಿಸಿದ್ದರೆ ಆ ಕನ್ನಡಕ ದಂಡ ಆಗುತ್ತಿತ್ತು. ಆಕ್ಸಿಸ್ 10 ಡಿಗ್ರಿ ತಪ್ಪಿದರೂ ಮೂರನೇ ಒಂದು ಪಾಲು ಉಪಯೋಗ ಹೋಗುತ್ತೆ ಅಂತ ಫ್ರೇಮನ್ನು ಮೂರು ಸಲ ಮೂಗಿನ ಮೇಲೆ ಕೂರಿಸಿ ನೋಡಿದಿರಲ್ಲ, ಆ ತಾಳ್ಮೆ ಮರೆಯಲಾರೆ.

ಈಗ ಅಮ್ಮ ಅಕ್ಕಿ ಆರಿಸುತ್ತಾಳೆ, ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. "ಆ ಹುಡುಗಿಗೆ ಒಳ್ಳೇದಾಗಲಿ" ಅಂತ ದೀಪ ಹಚ್ಚುವಾಗೆಲ್ಲ ಹೇಳುತ್ತಾಳೆ. ತುಂಬಾ ತುಂಬಾ ಧನ್ಯವಾದ ಅಕ್ಕಾ.